ನಲಿಕಲಿ ಕಾರ್ಡನ್ನು ಬೆರಳಲ್ಲಿ ಓದುವ ಮಗುವಿಗೆ ಹೇಗೆ ಒಗ್ಗಿಸುವುದು?

ಸುಂಟಿಕೊಪ್ಪ ಟೀಚರ್:

ಎಲ್ಲರಿಗೂ ನಮಸ್ಕಾರ. ಸುಂಟಿಕೊಪ್ಪದ ಹತ್ತಿರದ ಒಂದು ಸರ್ಕಾರಿ ಶಾಲೆಯಲ್ಲಿ ನಲಿಕಲಿ ತರಗತಿ ನನ್ನದು, ಅಂದರೆ ಸಣ್ಣ ಮಕ್ಕಳು ಕಾರ್ಡು, ಚಟುವಟಿಕೆಗಳಿಂದ ಕಲಿಯುವ ತರಗತಿ. ಈ ವರ್ಷ ಒಂದನೇ ತರಗತಿಗೆ ಹುಟ್ಟಿನಿಂದ ಕಣ್ಣು ಕಾಣದ ಹುಡುಗಿಯೊಬ್ಬಳು ಬಂದಿದ್ದಾಳೆ. ಇಲ್ಲಿ ಪುಟ್ಟಿ ಅಂತ ಕರೆಯುತ್ತೇನೆ. ಅಪ್ಪ ಅಮ್ಮ ಕಾಫಿ ತೋಟದ ಕೆಲಸದವರು, ಲೈನ್‌ಮನೆಯಲ್ಲಿದ್ದಾರೆ. ಮನೆಯಲ್ಲಿ ತಮಿಳು, ನನ್ನ ಹತ್ತಿರ ಕನ್ನಡ. ಕಿವಿ ಎಷ್ಟು ಚುರುಕು ಅಂದರೆ, ರಸ್ತೆಯಲ್ಲಿ ಜೀಪು ಬಂದರೆ ಯಾರ ಜೀಪು ಅಂತ ಹೇಳುತ್ತಾಳೆ.

ನಲಿಕಲಿಯಲ್ಲಿ ಎಲ್ಲವೂ ಚಿತ್ರ, ಎಲ್ಲವೂ ಕಾರ್ಡು. ಹಾಗಾಗಿ ಎರಡು ರಾತ್ರಿ ಕೂತು ಆನೆ ಚಿತ್ರದ ಗೆರೆ ಮೇಲೆಲ್ಲ ಉಲ್ಲನ್ ದಾರ ಅಂಟಿಸಿದೆ. ಪುಟ್ಟಿ ನಿಧಾನಕ್ಕೆ ಬೆರಳಾಡಿಸಿ "ದಾರ, ಟೀಚರ್" ಅಂದಳು. ಬೆರಳು ಹಿಡಿದು ಸೊಂಡಿಲಿನ ಮೇಲೆ ಇಟ್ಟೆ. "ಇದೂ ದಾರ" ಅಂದಳು. ಅದೇ ಹುಡುಗಿ ಹಿಂದಿನ ವಾರ ಲೈನ್‌ಮನೆ ಹಿಂದೆ ಆನೆ ಬಂದಿದ್ದನ್ನು ಕಣ್ಣಿಗೆ ಕಟ್ಟುವ ಹಾಗೆ ಹೇಳಿದ್ದಳು. ಬಿದಿರು ಮುರಿದ ಸದ್ದು, ಪಟಾಕಿ, ಬೆಳಿಗ್ಗೆ ಲದ್ದಿಯ ವಾಸನೆ. ಆನೆ ಅವಳಿಗೆ ಗೊತ್ತು. ನನ್ನ ಕಾರ್ಡಿನಲ್ಲಿ ಮಾತ್ರ ಆನೆ ಇರಲಿಲ್ಲ.

ಬ್ರೈಲ್ ಅಕ್ಷರಗಳನ್ನು ನಾನೂ ಕಲಿಯುತ್ತಿದ್ದೇನೆ. ಎಲ್ಲ ಮಕ್ಕಳ ಜೊತೆ ಇರಲಿ ಅಂತ ನಲಿಕಲಿಯ ಅಕ್ಷರ ಕ್ರಮದಲ್ಲೇ ಹೋದೆ. ರ ಗ ಸ ದ ಅ, ಆಮೇಲೆ ಜ ವ ಮ ಬ ನ. ಮೂರು ವಾರ ಆಯಿತು. ದ ಮತ್ತು ಜ ದಿನಾ ಅದಲು ಬದಲು. ಮೊನ್ನೆ ಹಾಳೆ ತಳ್ಳಿ ಸುಮ್ನೆ ಕೂತುಬಿಟ್ಟಳು. ಆವತ್ತು ನನಗೆ ಊಟ ಸೇರಲಿಲ್ಲ. ಜೊತೆಗೆ ಈ ಮಳೆ. ಕಳೆದ ವಾರ ಚುಚ್ಚಿದ ಚುಕ್ಕಿಗಳು ಈ ವಾರ ಬೆರಳಿಗೆ ಸಿಗುವುದೇ ಇಲ್ಲ. ತಿಳಿದವರು ದಯವಿಟ್ಟು ಹೇಳಿ.

ಆರು ಚುಕ್ಕಿ:

ಟೀಚರ್, ನಮಸ್ತೆ. ನಾನೂ ಹುಟ್ಟಿನಿಂದ ಕಾಣದವನು. ಊರು ಸೋಮವಾರಪೇಟೆ ಕಡೆ, ಈಗ ಮೈಸೂರಿನಲ್ಲಿ ಮಕ್ಕಳಿಗೆ ಬ್ರೈಲ್ ಹೇಳಿಕೊಡುತ್ತೇನೆ. ಪುಟ್ಟಿಯದು ಏನೂ ತಪ್ಪಿಲ್ಲ. ನಿಮ್ಮದೂ ಇಲ್ಲ. ಆ ಕ್ರಮ ಕಣ್ಣಿಗಾಗಿ ಮಾಡಿದ್ದು. ರ ಬರೆಯಲು ಬಂದರೆ ಗ, ಸ, ದ ಬರೆಯುವುದು ಸುಲಭ ಅಲ್ವಾ? ಬೆರಳಿಗೆ ಆ ಹೋಲಿಕೆ ಇಲ್ಲವೇ ಇಲ್ಲ.

ಬ್ರೈಲಿನಲ್ಲಿ ಒಂದು ಅಕ್ಷರಕ್ಕೆ ಆರು ಚುಕ್ಕಿಯ ಒಂದು ಮನೆ, ಅದೇ ಸೆಲ್. ಅದರಲ್ಲಿ ಎಡಗಡೆ ಮೇಲಿಂದ ಕೆಳಗೆ 1, 2, 3. ಬಲಗಡೆ 4, 5, 6. ಗ ಅಂದರೆ 1, 2, 4, 5, ನಾಲ್ಕು ಚುಕ್ಕಿಯ ಚೌಕ. ಅದರಲ್ಲಿ ಎರಡನೇ ಚುಕ್ಕಿ ತೆಗೆದರೆ ದ. ಒಂದನೇ ಚುಕ್ಕಿ ತೆಗೆದರೆ ಜ. ನಾಲ್ಕನೆಯದು ತೆಗೆದರೆ ಹ. ಒಂದೇ ಚೌಕದ ನಾಲ್ಕು ಮಕ್ಕಳು ಇವರು. ಅದರಲ್ಲಿ ಮೂರನ್ನು ನೀವು ಮೊದಲ ಆರು ಅಕ್ಷರದೊಳಗೇ ಕೊಟ್ಟಿದ್ದೀರಿ. ಎಳೆ ಬೆರಳು ಗೊಂದಲ ಮಾಡಿಕೊಳ್ಳದೆ ಇನ್ನೇನು ಮಾಡುತ್ತದೆ?

ನಾನಾದರೆ ಅ, ಲ, ಮ, ಗ, ಬ ದಿಂದ ಶುರು ಮಾಡುತ್ತೇನೆ. ಅ ಒಂದೇ ಚುಕ್ಕಿ. ಲ ಎಡಗಡೆಯ ಉದ್ದ ಗೆರೆ. ಗ ಚೌಕ. ಒಂದನ್ನು ಮುಟ್ಟಿದರೆ ಇನ್ನೊಂದು ಅನಿಸುವುದಿಲ್ಲ. ಇಷ್ಟರಲ್ಲೇ ಮಗ, ಬಲ, ಅಗಲ ಓದಬಹುದು. ಆಮೇಲೆ ಆ, ಇ, ಉ ಕೊಟ್ಟರೆ ಮಗು, ಬಾಲ, ಬಾಗಿಲು. ದ ಚೆನ್ನಾಗಿ ಕೂತು ತಿಂಗಳಾದ ಮೇಲೆ ಜ ತನ್ನಿ.

ಕಾಗುಣಿತದ ಕಾರ್ಡುಗಳನ್ನು ಪೂರ್ತಿ ಪಕ್ಕಕ್ಕಿಡಿ. ಬ್ರೈಲಿನಲ್ಲಿ ಗುಡಿಸು, ಕೊಂಬು ಯಾವುದೂ ಇಲ್ಲ. ವ್ಯಂಜನದ ಪಕ್ಕ ಸ್ವರವೇ ಬಂದು ಕೂರುತ್ತದೆ. 'ಬಾಗಿಲು' ಅಚ್ಚಿನಲ್ಲಿ ಮೂರು ಅಕ್ಷರ, ಬೆರಳಿಗೆ ಆರು ಸೆಲ್. ಬ, ಆ, ಗ, ಇ, ಲ, ಉ. ಒಂದು ರೀತಿಯಲ್ಲಿ ಇದು ಅಚ್ಚಿಗಿಂತ ಸುಲಭ.

ಮನೆಮಾತು ತಮಿಳು ಅಂದಿರಿ. ಭಾರತಿ ಬ್ರೈಲ್ 1951ರಿಂದ ಇದೆ. ನಮ್ಮ ದೇಶದ ಭಾಷೆಗಳಲ್ಲಿ ಒಂದೇ ಸದ್ದಿಗೆ ಹೆಚ್ಚು ಕಡಿಮೆ ಒಂದೇ ಚುಕ್ಕಿ. ಅವಳು ಮನೆಯಲ್ಲಿ ಕೂಗುವ 'ಅಮ್ಮಾ' ತಮಿಳಿನಲ್ಲೂ ಕನ್ನಡದಲ್ಲೂ ಅದೇ ಚುಕ್ಕಿಗಳಲ್ಲಿ ಬರುತ್ತದೆ. ಇದನ್ನು ಅವಳ ಅಮ್ಮನಿಗೂ ಹೇಳಿ, ತುಂಬಾ ಖುಷಿಪಡುತ್ತಾರೆ.

ಮೂವತ್ತು ಮೊಟ್ಟೆಯ ಟ್ರೇಯಿಂದ ಸೆಲ್‌ನ ಹಾಗೆ ಆರು ಗುಳಿ ಕತ್ತರಿಸಿ ಕೊಡಿ. ನಿಂಬೆಹಣ್ಣು ಇಟ್ಟು ತೆಗೆದು ಆಡಲಿ. ಚುಕ್ಕಿ ಚುಚ್ಚುವ ಬ್ರೈಲ್ ಸ್ಲೇಟು, ಸ್ಟೈಲಸ್ ಈಗಲೇ ಬೇಡ. ಅದರಲ್ಲಿ ಬಲದಿಂದ ಎಡಕ್ಕೆ ತಿರುವುಮುರುವಾಗಿ ಚುಚ್ಚಬೇಕು. ಓದು ಗಟ್ಟಿಯಾಗಲಿ.

ಆನೆ ಕಾರ್ಡನ್ನು ಬಿಟ್ಟುಬಿಡಿ. ಡಬ್ಬಿಯಲ್ಲಿ ಮುರಿದ ಬಿದಿರು, ಒಣಗಿದ ಲದ್ದಿ ಇಡಿ. ಸಾಧ್ಯವಾದರೆ ಒಂದು ದಿನ ದುಬಾರೆ ಆನೆ ಶಿಬಿರಕ್ಕೆ ಕರೆದುಕೊಂಡು ಹೋಗಿ, ಸಾಕಿದ ಆನೆಯನ್ನು ಕೈಯಾರೆ ಮುಟ್ಟಲಿ. ನಾನು ಮೊದಲ ಸಲ ಮುಟ್ಟಿದಾಗ ಆ ಚರ್ಮದ ಮೇಲೆ ತಂತಿಯಂಥ ಕೂದಲು ಸಿಕ್ಕಿತು. ಆನೆಗೆ ಕೂದಲು ಇದೆ ಅಂತ ಯಾವ ಪಾಠದಲ್ಲೂ ನನಗೆ ಹೇಳಿರಲಿಲ್ಲ.

ವಿರಾಜಪೇಟೆ ಬಿಐಇಆರ್‌ಟಿ:

ಸರ್ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಬಿಐಇಆರ್‌ಟಿ, ಅಂದರೆ ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕಿ. ನನ್ನದೊಂದು ಅನುಭವ ಸೇರಿಸುತ್ತೇನೆ. ಗೃಹಾಧಾರಿತ ಶಿಕ್ಷಣಕ್ಕೆ ವಾರಕ್ಕೊಮ್ಮೆ ಹೋಗುವ ಮನೆಯಲ್ಲಿ ಒಂಬತ್ತು ವರ್ಷದ ಹುಡುಗ ಇದ್ದಾನೆ. ಕಣ್ಣೂ ಕಾಣದು, ಕಿವಿಯೂ ಕೇಳದು. ಒಂದು ಕಡೆ ಇವನಿಗೆ ಕಲಿಕಾ ಸಾಮಗ್ರಿ ಕೇಳಿದರೆ, ಎರಡೂ ಇಲ್ಲದ ಮಗುವಿಗೆ ಯಾಕಮ್ಮ ಅಂದರು. ಇವತ್ತಿಗೂ ಆ ಮಾತು ಚುಚ್ಚುತ್ತದೆ.

ಇವನ ಪುಸ್ತಕ ಒಂದು ಉದ್ದ ಡಬ್ಬಿ, ಒಳಗೆ ನಾಲ್ಕು ಖಾನೆ. ಚಮಚ ಅಂದರೆ ಊಟ. ಟವೆಲ್ ತುಂಡು ಅಂದರೆ ಸ್ನಾನ. ಕೊಡೆ ಬಟ್ಟೆಯ ತುಂಡು ಅಂದರೆ ಹೊರಗೆ ಹೋಗುವುದು. ದಿನ ನಡೆಯುವ ಸಾಲಿನಲ್ಲೇ ಅವು ಇರುತ್ತವೆ, ಎಡದಿಂದ ಬಲಕ್ಕೆ. ಒಂದು ಕೆಲಸ ಮುಗಿದರೆ ಆ ವಸ್ತು ಇನ್ನೊಂದು ಡಬ್ಬಿಗೆ. ಟೀಚರ್, ನೀವು ಪುಟ್ಟಿಯ ಬೆರಳು ಹಿಡಿದು ಇಟ್ಟೆ ಅಂದಿರಲ್ಲ, ಅದನ್ನು ಮಾಡಬೇಡಿ. ನಿಮ್ಮ ಕೈ ಕೆಳಗಿರಲಿ, ಮಗುವಿನ ಕೈ ಮೇಲಿರಲಿ. ಬೇಡ ಅನಿಸಿದರೆ ಮಗು ಕೈ ತೆಗೆಯಬಹುದು. ಕಾಣದವರಿಗೆ ಕೈಯೇ ಕಣ್ಣು ಅಲ್ವಾ, ಅದನ್ನು ಎಳೆಯಬಾರದು.

ಏಳು ತಿಂಗಳು ಬರೀ ನಾವೇ ಕೊಡುತ್ತಿದ್ದೆವು. ಒಂದು ಮಧ್ಯಾಹ್ನ ಅವನೇ ಡಬ್ಬಿ ತಡವಿ, ಕೊಡೆ ಬಟ್ಟೆ ಆರಿಸಿ, ನನ್ನ ಅಂಗೈಗೆ ಒತ್ತಿದ. ಹೊರಗೆ ಜೋರು ಮಳೆ. ಆದರೂ ಹೋದೆವು. ಕೇಳಿದ್ದು ಸಿಗುತ್ತದೆ ಅಂತ ಅವನಿಗೆ ಆವತ್ತೇ ಗೊತ್ತಾಗಬೇಕಿತ್ತು.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಇಂಥ ಮಕ್ಕಳೂ ಸೇರಿದ್ದಾರೆ. ಪುಸ್ತಕ, ಕಲಿಕಾ ಸಾಮಗ್ರಿಯನ್ನು 18 ವರ್ಷದ ತನಕ ಉಚಿತವಾಗಿ ಕೊಡಬೇಕು ಅಂತ ಅದರಲ್ಲೇ ಇದೆ. ಬಿಆರ್‌ಸಿಗೆ (ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ) ಬಾಯಿಮಾತಲ್ಲಿ ಕೇಳಬೇಡಿ, ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ.

ನಾಪೋಕ್ಲು ಅಮ್ಮ:

ನನ್ನ ಮಗಳು ಬ್ರೈಲ್ ಓದುತ್ತಾಳೆ. ಮಳೆಗೆ ನಾವು ಮಾಡುವುದು ಇಷ್ಟೇ. ಹಾಳೆಗಳನ್ನು ಒಂದರ ಮೇಲೊಂದು ಪೇರಿಸಬೇಡಿ, ಭಾರಕ್ಕೆ ಚುಕ್ಕಿ ಕೂತುಹೋಗುತ್ತದೆ. ಪುಸ್ತಕ ನೆಟ್ಟಗೆ ನಿಲ್ಲಿಸಿ. ಸ್ಟೀಲ್ ಟ್ರಂಕಿನಲ್ಲಿ ಹುರಿದ ಅಕ್ಕಿಯ ಗಂಟು ಹಾಕಿಡಿ. ದಿನಾ ಮುಟ್ಟುವ ಪದಗಳನ್ನು ಹಳೇ ಎಕ್ಸ್‌ರೇ ಫಿಲ್ಮ್ ಮೇಲೆ ಚುಚ್ಚಿ. ತೇವಕ್ಕೆ ಅದು ಜಗ್ಗುವುದಿಲ್ಲ. ಮೂಲೆಗಳನ್ನು ಮಾತ್ರ ದುಂಡಗೆ ಕತ್ತರಿಸಿ, ಕೈ ಕೊಯ್ಯುತ್ತದೆ.

ಸುಂಟಿಕೊಪ್ಪ ಟೀಚರ್:

ಎಲ್ಲರಿಗೂ ಕೈಮುಗಿಯುತ್ತೇನೆ. ಆರು ವಾರ ಆಯಿತು. ಅ ಲ ಮ ಗ ಬ ಕ್ರಮ ಹಿಡಿದೆ, ಈಗ ಸ್ವರಗಳೂ ಬಂದಿವೆ. ತರಗತಿ ಬಾಗಿಲಿಗೆ ಪುಟ್ಟಿಯ ಎದೆ ಎತ್ತರದಲ್ಲಿ ಎಕ್ಸ್‌ರೇ ಪಟ್ಟಿ ಅಂಟಿಸಿದ್ದೆ, ಅವಳಿಗೆ ಹೇಳಿರಲಿಲ್ಲ. ಸೋಮವಾರ ಒಳಗೆ ಬರುವಾಗ ಬೆರಳಿಗೆ ಸಿಕ್ಕಿತು. ನಿಂತಳು. ಎರಡು ಸಲ ಓದಿದಳು. ಆಮೇಲೆ ಬಾಗಿಲನ್ನು ಹಿಂದೆ ಮುಂದೆ ತಳ್ಳಿ, ಜೋರಾಗಿ "ಬಾಗಿಲು!" ಅಂದಳು. ನನ್ನ ಕಣ್ಣು ತುಂಬಿತು.

ಈಗ ಉಳಿದ ಮಕ್ಕಳಿಗೂ ತಮ್ಮ ಹೆಸರು ಚುಕ್ಕಿಯಲ್ಲೇ ಬೇಕಂತೆ. ಒಬ್ಬನ ಹೆಸರು ವಿಷ್ಣು. ಸರ್, ಒತ್ತಕ್ಷರ ಹೇಗೆ?

ಆರು ಚುಕ್ಕಿ:

ಒತ್ತಕ್ಷರ ಕೆಳಗೆ ಹೋಗುವುದಿಲ್ಲ ಟೀಚರ್, ಎಲ್ಲ ಒಂದೇ ಸಾಲು. ವ, ಇ ಆದ ಮೇಲೆ ಒಂದು ಸೆಲ್‌ನಲ್ಲಿ ನಾಲ್ಕನೇ ಚುಕ್ಕಿ ಮಾತ್ರ ಇಡಿ. ಆಮೇಲೆ ಷ, ಆಮೇಲೆ ಣ, ಆಮೇಲೆ ಉ. ಪುಟ್ಟಿ ಕೈಯಲ್ಲೇ ಓದಿಸಿ ನೋಡಿ.