ಅಪ್‌ಡೇಟ್: ಹರಟೆಮಲ್ಲ ನೋಡ್ ಬಾಯಿ ಮುಚ್ಚಿತು

ಕೆಟ್ಟ ನೋಡ್ (ನೆಟ್‌ವರ್ಕ್‌ಗೆ ಸೇರಿಸಿದ ಒಂದು ಎಲೆಕ್ಟ್ರಾನಿಕ್ ಘಟಕ) ಒಂದು ಹೊತ್ತುಗೊತ್ತಿಲ್ಲದೆ ಮೆಸೇಜ್ ಕಳಿಸಿ ಇಡೀ ಬಸ್ (ಎಲ್ಲಾ ನೋಡ್‌ಗಳೂ ಹಂಚಿಕೊಳ್ಳೋ ಸಂದೇಶದ ತಂತಿ) ಹಿಡಿದುಕೊಂಡರೆ ಚಿಪ್‌ನಲ್ಲೇ ತಡೆಯೋದು ಹೇಗೆ ಅಂತ ಕೇಳಿದ್ದೆನಲ್ಲ, ಅದರ ಅಪ್‌ಡೇಟ್.

ಕ್ಯಾನ್‌ನಲ್ಲಿ (CAN, ಕಾರುಗಳಲ್ಲಿ ಬಳಸೋ ಬಸ್ ಪದ್ಧತಿ) ಕಳಿಸುವಾಗಿನ ತಪ್ಪು ಎಣಿಸೋ ಎರರ್ ಕೌಂಟರ್ ಇದೆಯಲ್ಲ ಅಂದ್ರಿ. ಅದು 255 ದಾಟಿದರೆ ನೋಡ್ ಹೊರಬೀಳುತ್ತೆ, ನಿಜ. ಆದ್ರೆ ಫ್ರೇಮ್ (ಒಂದು ಪೂರ್ತಿ ಮೆಸೇಜ್) ಸರಿಯಿದ್ದು ಸಮಯ ಮಾತ್ರ ತಪ್ಪಿದ್ರೆ ಕೌಂಟರ್ ಏರೋದೇ ಇಲ್ಲ. ಕ್ಯಾನ್‌ನಲ್ಲಿ ಚಿಕ್ಕ ಐಡಿಯ ಮೆಸೇಜ್‌ಗೇ ಆದ್ಯತೆ, ಹಾಗಾಗಿ ಐಡಿ ಚಿಕ್ಕದಾಗಿದ್ರಂತೂ ಬೇರೆಯವರಿಗೆ ಸರದಿಯೇ ಬರಲ್ಲ.

ಹಾಗಾಗಿ ಟಿಟಿಪಿ (ಟೈಮ್-ಟ್ರಿಗರ್ಡ್ ಪ್ರೋಟೋಕಾಲ್, ಗಡಿಯಾರ ನೋಡಿ ಮೆಸೇಜ್ ಕಳಿಸೋ ಪದ್ಧತಿ) ದಾರಿ ಹಿಡಿದೆ. ಯಾರು ಯಾವಾಗ ಮಾತಾಡಬೇಕು ಅನ್ನೋ ಪಟ್ಟಿ ಕಂಟ್ರೋಲರ್ ಒಳಗೇ ಇರುತ್ತೆ, ಪಕ್ಕದಲ್ಲಿ ಬಸ್ ಗಾರ್ಡಿಯನ್ ಅನ್ನೋ ಕಾವಲು ಸರ್ಕ್ಯೂಟ್ ಕೂತು ಆ ನೋಡ್‌ನ ಸ್ಲಾಟ್ (ಅದಕ್ಕೆ ಗೊತ್ತುಮಾಡಿದ ಸಮಯ) ಬಂದಾಗ ಮಾತ್ರ ಟ್ರಾನ್ಸ್‌ಮಿಟರ್‌ಗೆ ಕಳಿಸೋಕೆ ಬಿಡುತ್ತೆ. ನೀವು ಹೇಳಿದ ಹಾಗೆ ಗಾರ್ಡಿಯನ್‌ಗೆ ಬೇರೆ ಕ್ರಿಸ್ಟಲ್ (ಕ್ಲಾಕ್ ನಡೆಸೋ ಭಾಗ), ಬೇರೆ ಪವರ್ ಕೊಟ್ಟೆ. ನೋಡ್‌ಗೂ ಗಾರ್ಡಿಯನ್‌ಗೂ ಒಂದೇ ಕ್ಲಾಕ್ ಆದ್ರೆ ಕಳ್ಳನ ಕೈಗೇ ಬೀಗದ ಕೈ ಕೊಟ್ಟ ಹಾಗೆ, ಅಲ್ವಾ?

ಮಡಿಕೇರಿ ಮನೆಯಲ್ಲೇ ಎಫ್‌ಪಿಜಿಎ (ಬೇಕಾದ ಸರ್ಕ್ಯೂಟ್ ಆಗಿ ರೂಪಿಸಿಕೊಳ್ಳಬಹುದಾದ ಚಿಪ್) ಬೋರ್ಡ್ ಇಟ್ಟು ಟೆಸ್ಟ್ ಮಾಡಿದೆ. (ಮಳೆಗಾಲ, ಕರೆಂಟ್ ಹೋಗೋದು ಮಾಮೂಲಿ, ಫಾಲ್ಟ್ ಇಂಜೆಕ್ಷನ್, ಅಂದ್ರೆ ಟೆಸ್ಟ್‌ಗೆ ಬೇಕಂತ ದೋಷ ಹುಟ್ಟಿಸೋದು, ಪುಕ್ಕಟೆ!) ಬೇಕಂತಲೇ ನೋಡ್ ಕೆಡಿಸಿದೆ. ಸ್ಲಾಟ್ ಮುಗಿದ ಕೂಡಲೇ ಸ್ಕೋಪ್‌ನಲ್ಲಿ (ಸಿಗ್ನಲ್ ತೋರಿಸೋ ಉಪಕರಣ) ಎನೇಬಲ್ ಲೈನ್, ಅಂದ್ರೆ ಕಳಿಸೋಕೆ ಅನುಮತಿ ಕೊಡೋ ತಂತಿ, ಕೆಳಗಿಳಿಯಿತು, ಆಮೇಲೆ ನೋಡ್ ಎಷ್ಟೇ ಒದರಿದ್ರೂ ಬಸ್‌ಗೆ ಒಂದು ಬಿಟ್ ಕೂಡ ಹೋಗಲಿಲ್ಲ.

ಇನ್ನೂ ಬಾಕಿ ಇರೋದು ಅರೆಬರೆ ಸಿಗ್ನಲ್ (ಸರಿ-ತಪ್ಪುಗಳ ಗಡಿಯಲ್ಲಿರೋ ಸಿಗ್ನಲ್) ಕಾಟ. ಒಂದು ರಿಸೀವರ್ ಸರಿ ಅನ್ನುತ್ತೆ, ಇನ್ನೊಂದು ತಪ್ಪು ಅನ್ನುತ್ತೆ. ಅದಕ್ಕೆ ಗಾರ್ಡಿಯನ್ನನ್ನು ಎಲ್ಲಾ ನೋಡ್‌ಗಳ ತಂತಿ ಬಂದು ಸೇರೋ ನಡುವಿನ ಸ್ಟಾರ್ ಹಬ್‌ಗೆ ಹಾಕಿ, ಸಿಗ್ನಲ್ ಅಲ್ಲೇ ಹೊಸದಾಗಿ ರೂಪಿಸಿ ಕಳಿಸಬೇಕು. ಯಾರಾದ್ರೂ ಮಾಡಿದ್ದರೆ ಹೇಳಿ.