ಹಳೆಯ ಆರು ಸಿಲಿಂಡರ್ ಲಾರಿ: ಇದ್ದ ಇಂಜಿನ್ನನ್ನೇ ಬಲಪಡಿಸುವುದೋ, ದೊಡ್ಡ ಇಂಜಿನ್ ಕೂಡಿಸುವುದೋ?

ಪ್ರಶ್ನೆ: ಮುಧೋಳದ ಲಾರಿ ಮಾಲೀಕರಿಂದ

ಮಾನ್ಯರೇ, ನಮ್ಮಲ್ಲಿ ಎರಡು ಆ್ಯಕ್ಸಲ್‌ನ ಹಳೆಯ ಟಾಟಾ ಲಾರಿಯೊಂದಿದೆ. ಅದರಲ್ಲಿರುವುದು ಟರ್ಬೊ (ಇಂಜಿನ್ನಿನ ಹೊಗೆಯ ಬಲದಿಂದ ತಿರುಗಿ ಒಳಗೆ ಹೆಚ್ಚು ಗಾಳಿ ತುಂಬುವ ಸಾಧನ) ಇಲ್ಲದ 697 ಇಂಜಿನ್. ಕಬ್ಬಿನ ಹಂಗಾಮಿನಲ್ಲಿ ಹೊಲದಿಂದ ಕಾರ್ಖಾನೆಗೆ ಓಡುತ್ತದೆ. ಹಂಗಾಮು ಮುಗಿದ ಮೇಲೆ ಬೆಲ್ಲವನ್ನೋ ಸಿಮೆಂಟನ್ನೋ ಹೇರಿಕೊಂಡು ಅನಮೋಡ ಘಾಟ್ ಇಳಿದು ಗೋವಾಕ್ಕೆ ಹೋಗುತ್ತದೆ, ಬರುವಾಗ ರಸಗೊಬ್ಬರ ತರುತ್ತದೆ. ಬಯಲಿನಲ್ಲಿ ಯಾವ ತಕರಾರೂ ಇಲ್ಲ. ಘಾಟ್ ಹತ್ತುವಾಗ ಮಾತ್ರ ಮೂರನೆಯ ಗೇರ್ ನಿಲ್ಲದೆ ಎರಡಕ್ಕೆ ಇಳಿಸಬೇಕಾಗುತ್ತದೆ, ಕಪ್ಪು ಹೊಗೆ ಬರುತ್ತದೆ, ಇಂಜಿನ್ ಕಾಯುತ್ತದೆ. ನಮ್ಮ ಮಿಸ್ತ್ರಿ ಇದೇ ಇಂಜಿನ್ನಿಗೆ ಟರ್ಬೊ ಕೂಡಿಸೋಣ ಎನ್ನುತ್ತಾರೆ. ಗುಜರಿಯವರೊಬ್ಬರ ಬಳಿ ಕಮಿನ್ಸ್ 6ಬಿಟಿ ಇಂಜಿನ್ ಇದ್ದು, ಆ ದೊಡ್ಡ ಇಂಜಿನ್ನನ್ನೇ ಇಳಿಸಿಬಿಡಿ ಎಂದು ಬೇರೆಯವರು ಹೇಳುತ್ತಿದ್ದಾರೆ. ಇಂಥ ಕೆಲಸ ಮಾಡಿಸಿದವರು ತಮ್ಮ ಅನುಭವ ತಿಳಿಸಿದರೆ ಉಪಕಾರವಾಗುತ್ತದೆ.

ಬೆಳಗಾವಿ ಉದ್ಯಮಬಾಗದಲ್ಲಿ ಇಂಜಿನ್ ರಿಪೇರಿ ವರ್ಕ್‌ಶಾಪ್ ನಡೆಸುವವರು

ಮಾಲೀಕರೇ, ಮೊದಲು ಎರಡೂ ಇಂಜಿನ್ನುಗಳ ಅಳತೆಯನ್ನು ಅಕ್ಕಪಕ್ಕದಲ್ಲಿಟ್ಟು ನೋಡಿ. 697 ಎಂಬ ಹೆಸರಿನಲ್ಲೇ ಆರು ಸಿಲಿಂಡರ್, 97 ಮಿಲಿಮೀಟರ್ ಬೋರ್ (ಸಿಲಿಂಡರಿನ ಒಳವ್ಯಾಸ) ಎಂಬ ಲೆಕ್ಕವಿದೆ. ಸ್ಟ್ರೋಕ್, ಅಂದರೆ ಪಿಸ್ಟನ್ ಚಲಿಸುವ ದೂರ, 128 ಮಿಲಿಮೀಟರ್ ಆದ್ದರಿಂದ ಒಟ್ಟು ಗಾತ್ರ 5,675 ಸಿಸಿ. ನಿಮಗೆ ತೋರಿಸುತ್ತಿರುವ 6ಬಿಟಿ ಇಂಜಿನ್ನಿನ ಬೋರ್ 102, ಸ್ಟ್ರೋಕ್ 120, ಗಾತ್ರ 5,883 ಸಿಸಿ. ಅಂದರೆ ಆ ‘ದೊಡ್ಡ’ ಇಂಜಿನ್ ನಿಮ್ಮದಕ್ಕಿಂತ ಇನ್ನೂರು ಸಿಸಿಯಷ್ಟು ಮಾತ್ರ ದೊಡ್ಡದು, ಶೇಕಡಾ ನಾಲ್ಕೂ ಆಗುವುದಿಲ್ಲ. ಅದು ಹೆಚ್ಚು ಎಳೆಯುವುದು ಗಾತ್ರದಿಂದಲ್ಲ. ಟರ್ಬೊ ಇರುವುದರಿಂದ ಮತ್ತು ಆ ಒತ್ತಡಕ್ಕೆಂದೇ ಅದರ ಪಿಸ್ಟನ್, ಆಯಿಲ್ ಪಂಪ್, ಕೂಲಿಂಗ್ ಎಲ್ಲವನ್ನೂ ಒಟ್ಟಿಗೆ ರೂಪಿಸಿರುವುದರಿಂದ. ನಿಜವಾಗಿಯೂ ದೊಡ್ಡದು ಎನ್ನಬೇಕಾದರೆ ಹಳೆಯ ಲೇಲ್ಯಾಂಡ್ 680ರಂಥ ಹನ್ನೊಂದು ಲೀಟರಿನ ಇಂಜಿನ್ ಆಗಬೇಕು, ಅದು ನಿಮ್ಮ ಚಾಸಿಗೆ ಕೂಡುವ ಮಾತೇ ಅಲ್ಲ. ಆದ್ದರಿಂದ ನಿಮ್ಮ ಮುಂದಿರುವುದು ಸಣ್ಣದೋ ದೊಡ್ಡದೋ ಎಂಬ ಪ್ರಶ್ನೆಯಲ್ಲ, ಗಾಳಿಯನ್ನು ಒಳಗೆ ಹೇಗೆ ಕಳಿಸುವುದು ಎಂಬ ಪ್ರಶ್ನೆ.

ಕಪ್ಪು ಹೊಗೆ ಎಂದಿರಿ. ಒಂದು ಕಿಲೊ ಡೀಸೆಲ್ ಪೂರ್ತಿ ಉರಿಯಲು ಲೆಕ್ಕದ ಪ್ರಕಾರ ಸುಮಾರು ಹದಿನಾಲ್ಕೂವರೆ ಕಿಲೊ ಗಾಳಿ ಬೇಕು. ಹೊಗೆಯಿಲ್ಲದೆ ಉರಿಯಬೇಕಾದರೆ ಇನ್ನೂ ಹೆಚ್ಚು ಬೇಕು. ಟರ್ಬೊ ಇಲ್ಲದ ಇಂಜಿನ್ ತಾನು ಎಳೆದುಕೊಂಡಷ್ಟು ಗಾಳಿಯಲ್ಲೇ ಕೆಲಸ ಮಾಡುತ್ತದೆ. ಗೋವಾದ ಸಮುದ್ರಮಟ್ಟದಿಂದ ಬೆಳಗಾವಿಯ 750 ಮೀಟರ್ ಆಸುಪಾಸಿನ ಎತ್ತರಕ್ಕೆ ಬರುವಷ್ಟರಲ್ಲಿ ಗಾಳಿಯ ಸಾಂದ್ರತೆ ಶೇಕಡಾ ಏಳರಷ್ಟು ಕಡಿಮೆಯಾಗಿರುತ್ತದೆ. ಪಂಪು ಕೊಡುವ ಡೀಸೆಲ್ ಮಾತ್ರ ಅಷ್ಟೇ ಇರುತ್ತದೆ. ಇದರ ಮೇಲೆ ಹಿಂದಿನ ಮಾಲೀಕರು ಯಾರಾದರೂ ಪಿಕಪ್ ಬರಲೆಂದು ಪಂಪಿನ ಸ್ಕ್ರೂ ತಿರುಗಿಸಿಟ್ಟಿದ್ದರೆ ನೀವು ಹೇಳಿದ ಲಕ್ಷಣಗಳೆಲ್ಲವೂ, ಇಂಜಿನ್ ಕಾಯುವುದೂ ಸೇರಿ, ಅದೊಂದರಿಂದಲೇ ಬರಬಹುದು. ಹಾಗಾಗಿ ಒಂದು ರೂಪಾಯಿ ಖರ್ಚು ಮಾಡುವ ಮೊದಲು ಏರ್ ಫಿಲ್ಟರಿನಿಂದ ಮ್ಯಾನಿಫೋಲ್ಡಿನವರೆಗಿನ ರಬ್ಬರ್ ಪೈಪು ಒಳಗೆ ಕುಗ್ಗುತ್ತಿದೆಯೇ ನೋಡಿರಿ, ಪಂಪು ಮತ್ತು ನಾಝಲ್‌ಗಳನ್ನು ಪಂಪಿನ ಅಂಗಡಿಯಲ್ಲಿ ಟೆಸ್ಟ್ ಬೆಂಚಿನ ಮೇಲೆ ಕ್ಯಾಲಿಬ್ರೇಶನ್ ಮಾಡಿಸಿರಿ, ಆರೂ ಸಿಲಿಂಡರಿನ ಕಂಪ್ರೆಷನ್ ಅಳೆಸಿರಿ, ಇಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಆಯಿಲ್ ಪ್ರೆಷರ್ ಎಷ್ಟಿದೆ ಎಂದು ಗೇಜ್ ಹಾಕಿ ನೋಡಿರಿ.

ಇನ್ನು ಟರ್ಬೊ ವಿಚಾರ. ಇದೇ 697ರ ಟರ್ಬೊ ಮಾದರಿಯನ್ನು, ಆಮೇಲೆ ಇಂಟರ್‌ಕೂಲರ್ (ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಂಪಾಗಿಸುವ ಸಾಧನ) ಇರುವ ಮಾದರಿಯನ್ನು ಟಾಟಾದವರೇ ಹೊರತಂದಿದ್ದರಿಂದ ಈ ಇಂಜಿನ್ನಿಗೆ ಟರ್ಬೊ ಹೊಸದಲ್ಲ. ಆದರೆ ಗುಜರಿಯಿಂದ ತಂದ ಟರ್ಬೊವನ್ನು ಮ್ಯಾನಿಫೋಲ್ಡಿಗೆ ಬಿಗಿದು, ಒಂದು ಆಯಿಲ್ ಪೈಪು ಎಳೆದು, ಪಂಪಿನಲ್ಲಿ ಡೀಸೆಲ್ ಹೆಚ್ಚಿಸಿ ಕಳಿಸುವ ಕೆಲಸವನ್ನು ನಾನು ಒಪ್ಪುವುದಿಲ್ಲ, ನಮ್ಮಲ್ಲಿ ಮಾಡುವುದೂ ಇಲ್ಲ. ಟರ್ಬೊಗೆಂದೇ ಬಂದ ಇಂಜಿನ್ನುಗಳಲ್ಲಿ ಸಾಮಾನ್ಯವಾಗಿ ಪಿಸ್ಟನ್ ಬೇರೆ, ಪಿಸ್ಟನ್ನಿನ ಕೆಳಗೆ ಆಯಿಲ್ ಚಿಮುಕಿಸುವ ಜೆಟ್ ಇರುತ್ತದೆ, ಎಕ್ಸಾಸ್ಟ್ ವಾಲ್ವಿನ ಲೋಹ ಹೆಚ್ಚು ಶಾಖ ತಡೆಯುವಂಥದ್ದು, ಆಯಿಲ್ ಕೂಲರ್ ಮತ್ತು ರೇಡಿಯೇಟರ್ ದೊಡ್ಡವು. ಇವು ಯಾವುವೂ ಇಲ್ಲದೆ ಬೂಸ್ಟ್ (ಟರ್ಬೊದ ಗಾಳಿ ಒತ್ತಡ) ಕೊಟ್ಟರೆ ಬಯಲಿನಲ್ಲಿ ತಿಂಗಳುಗಟ್ಟಲೆ ಚೆನ್ನಾಗಿಯೇ ಓಡಿ, ಘಾಟಿನಲ್ಲಿ ಪೂರ್ತಿ ಆ್ಯಕ್ಸಿಲರೇಟರ್ ಒತ್ತಿ ಹಿಡಿದ ಹೊತ್ತಿನಲ್ಲೇ ಪಿಸ್ಟನ್ನಿನ ನೆತ್ತಿ ಕರಗುತ್ತದೆ. ಹೆಚ್ಚು ಹೊತ್ತಿನ ಏರಿನಲ್ಲಿ ಟರ್ಬೊಗೆ ಹೋಗುವ ಹೊಗೆಯ ಉಷ್ಣತೆ 650 ಡಿಗ್ರಿಯ ಸುತ್ತಮುತ್ತಲೇ ನಿಲ್ಲಬೇಕು. ಅದನ್ನು ತೋರಿಸುವ ಪೈರೋಮೀಟರ್ ಇಲ್ಲದ ಲಾರಿಗೆ ಹೊರಗಿನಿಂದ ಟರ್ಬೊ ಕೂಡಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕ್ರ್ಯಾಂಕ್ ಈಗಾಗಲೇ ಕೊನೆಯ ಅಂಡರ್‌ಸೈಜಿನವರೆಗೆ (ಇನ್ನು ಸವೆಸಲಾಗದಷ್ಟು ಸಣ್ಣ ಅಳತೆಗೆ) ಗ್ರೈಂಡಿಂಗ್ ಆಗಿದ್ದರಂತೂ ಈ ಯೋಚನೆಯನ್ನೇ ಬಿಡಿರಿ.

ಇಳಕಲ್ಲಿನ ಗ್ರಾನೈಟ್ ಗಣಿಯೊಂದರ ವಾಹನಗಳನ್ನು ನೋಡಿಕೊಳ್ಳುವವರು

ನಾವು 697 ತೆಗೆದು 6ಬಿಟಿ ಕೂಡಿಸಿದ್ದೇವೆ, ಆದರೆ ಗಣಿಯ ಆವರಣದೊಳಗೆ ಮಾತ್ರ ಓಡುವ, ಸಾರ್ವಜನಿಕ ರಸ್ತೆಗೆ ಇಳಿಯದ ಟಿಪ್ಪರಿಗೆ. ಕೆಲಸ ಆಗುತ್ತದೆಯೇ ಎಂದರೆ ಆಗುತ್ತದೆ, ಎಳೆತವೂ ಚೆನ್ನಾಗಿದೆ. ಆದರೆ ಅದಕ್ಕೆ ಬೇಕಾದುದು ಬರೀ ಇಂಜಿನ್ ಅಲ್ಲ. ಇಂಜಿನ್ನಿನ ಮುಂದಿನ, ಹಿಂದಿನ ಮೌಂಟಿಂಗ್ ಬೇರೆ ಜಾಗಕ್ಕೆ ಬರುತ್ತವೆ. ಬೆಲ್ ಹೌಸಿಂಗ್, ಫ್ಲೈವೀಲ್, ಕ್ಲಚ್ ಪ್ಲೇಟ್ ಹಳೆಯ ಗೇರ್ ಬಾಕ್ಸಿಗೆ ಹೊಂದುವುದಿಲ್ಲ. ಅಡಾಪ್ಟರ್ ಪ್ಲೇಟನ್ನು ಲೇಥಿನಲ್ಲಿ ಮಾಡಿಸಬಹುದಾದರೂ ಕ್ರ್ಯಾಂಕಿನ ಕೇಂದ್ರಕ್ಕೂ ಗೇರ್ ಬಾಕ್ಸಿನ ಶಾಫ್ಟಿನ ಕೇಂದ್ರಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಪೈಲಟ್ ಬೇರಿಂಗ್ ಮತ್ತೆ ಮತ್ತೆ ಹೋಗುತ್ತಿರುತ್ತದೆ. ಕೊನೆಗೆ ನಾವು ಅದೇ ಇಂಜಿನ್ನಿನ ಜತೆ ಬಂದಿದ್ದ ಗೇರ್ ಬಾಕ್ಸನ್ನೂ ಇಳಿಸಿದೆವು. ಆಗ ಪ್ರೊಪೆಲ್ಲರ್ ಶಾಫ್ಟಿನ ಉದ್ದ ಬದಲಾಯಿತು, ಅದನ್ನು ಕತ್ತರಿಸಿ ಬ್ಯಾಲೆನ್ಸ್ ಮಾಡಿಸಬೇಕಾಯಿತು. ರೇಡಿಯೇಟರ್, ಅದರ ಕೌಲ್, ಫ್ಯಾನಿನ ಅಂತರ, ಸೈಲೆನ್ಸರ್ ಪೈಪು, ಆ್ಯಕ್ಸಿಲರೇಟರ್ ಲಿಂಕೇಜ್, ಏರ್ ಬ್ರೇಕಿನ ಕಂಪ್ರೆಸರ್ ಪೈಪು, ಹೀಗೆ ಒಂದರ ಹಿಂದೆ ಒಂದು ಬಂದವು. ಇಂಜಿನ್ ಕೊಂಡ ಬೆಲೆಗಿಂತ ಅದನ್ನು ಕೂಡಿಸುವ ಖರ್ಚೇ ಹೆಚ್ಚಾಯಿತು.

ನೀವು ಇಳಿಸುವುದೇ ಆದರೆ ಬಿಡಿ ಇಂಜಿನ್ ಕೊಳ್ಳಬೇಡಿರಿ. ಕಾಗದಪತ್ರ ಸರಿಯಿರುವ ಇಡೀ ಲಾರಿ ಸಿಕ್ಕರೆ ಮಾತ್ರ ಯೋಚಿಸಿರಿ, ಏಕೆಂದರೆ ಬ್ರಾಕೆಟ್ಟಿನಿಂದ ಹಿಡಿದು ನಟ್‌ಬೋಲ್ಟಿನವರೆಗೆ ಎಲ್ಲವೂ ಅದರಲ್ಲೇ ದೊರೆಯುತ್ತವೆ. ಅಂಥ ಲಾರಿ ಸಿಕ್ಕಿದ ಮೇಲೆ ಅದನ್ನೇ ಏಕೆ ಓಡಿಸಬಾರದು ಎಂಬ ಪ್ರಶ್ನೆಯೂ ಏಳುತ್ತದೆ, ಅದು ನ್ಯಾಯವಾದ ಪ್ರಶ್ನೆಯೇ.

ವಿಜಯಪುರದ ಪಾಲಿಟೆಕ್ನಿಕ್ ಒಂದರಲ್ಲಿ ಆಟೊಮೊಬೈಲ್ ಬೋಧಕರು

ಎಷ್ಟು ಲಾಭವಾಗುತ್ತದೆ ಎಂಬುದನ್ನು ಯಾರೂ ಲೆಕ್ಕ ಹಾಕಿ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಸರಕು ಸೇರಿ ಲಾರಿಯ ತೂಕ 16 ಟನ್, ಏರು ನೂರು ಮೀಟರಿಗೆ ಆರು ಮೀಟರ್ ಎಂದು ಹಿಡಿಯೋಣ. ಏರು ಮತ್ತು ಟೈರಿನ ಉರುಳುವಿಕೆ ಎರಡೂ ಸೇರಿ ಲಾರಿಯನ್ನು ಹಿಂದಕ್ಕೆಳೆಯುವ ಬಲ ಸುಮಾರು 11,000 ನ್ಯೂಟನ್ ಆಗುತ್ತದೆ. ಇಂಜಿನ್ 130 ಕುದುರೆ ಶಕ್ತಿಯದಾಗಿದ್ದು, ಅದರಲ್ಲಿ ಶೇಕಡಾ 85 ಚಕ್ರಕ್ಕೆ ತಲುಪಿದರೆ ವೇಗ ಗಂಟೆಗೆ 26ರಿಂದ 27 ಕಿಲೋಮೀಟರ್. ಅದನ್ನೇ 160 ಕುದುರೆ ಶಕ್ತಿಗೆ ಏರಿಸಿದರೆ ಸುಮಾರು 33 ಕಿಲೋಮೀಟರ್. ಹತ್ತು ಕಿಲೋಮೀಟರ್ ಉದ್ದದ ಅಂಥ ಏರಿನಲ್ಲಿ ಉಳಿಯುವುದು ನಾಲ್ಕು ನಿಮಿಷದಷ್ಟು ಸಮಯ. ಆ ನಾಲ್ಕು ನಿಮಿಷಕ್ಕೆ ಎಷ್ಟು ಹಣ ಹಾಕಬಹುದು ಎಂಬುದನ್ನು ಮಾಲೀಕರೇ ನಿರ್ಧರಿಸಬೇಕು.

ಇನ್ನೊಂದು ಅಂಶವನ್ನು ಗಮನಿಸಿರಿ. ನಿಮ್ಮ ಲಾರಿ ಮೂರನೆಯ ಗೇರಿನಲ್ಲಿ ನಿಲ್ಲದೆ ಎರಡಕ್ಕೆ ಇಳಿಯುತ್ತದೆ ಎಂದಿದ್ದೀರಿ. ಎರಡನೆಯ ಗೇರಿನಲ್ಲಿ ಇಂಜಿನ್ ತನ್ನ ಗರಿಷ್ಠ ಆರ್‌ಪಿಎಂ ಮುಟ್ಟಿದ ಮೇಲೆ ಶಕ್ತಿ ಇದ್ದರೂ ಮುಂದೆ ಓಡಲಾರದು, ಹೀಗಾಗಿ ಇರುವ ಶಕ್ತಿಯೂ ಪೂರ್ತಿ ಬಳಕೆಯಾಗುವುದಿಲ್ಲ. ಹಿಂದಿನ ಹೌಸಿಂಗಿನಲ್ಲಿ 41/7ರ ಕ್ರೌನ್-ಪಿನಿಯನ್ (41 ಮತ್ತು 7 ಹಲ್ಲಿನ ಗೇರುಗಳ ಜೋಡಿ) ಇದ್ದರೆ ಅನುಪಾತ 5.86, ಅದನ್ನು 41/6ಕ್ಕೆ ಬದಲಿಸಿದರೆ 6.83. ಪ್ರತಿ ಗೇರಿನಲ್ಲೂ ಚಕ್ರದ ಎಳೆತ ಶೇಕಡಾ 16ಕ್ಕಿಂತ ತುಸು ಹೆಚ್ಚುತ್ತದೆ, ಮೂರನೆಯ ಗೇರ್ ಏರಿನಲ್ಲಿ ನಿಲ್ಲುವ ಸಾಧ್ಯತೆ ಬರುತ್ತದೆ. ಬದಲಿಗೆ ಬಯಲಿನ ಗರಿಷ್ಠ ವೇಗ ಶೇಕಡಾ 14ರಷ್ಟು ತಗ್ಗುತ್ತದೆ. ಕಬ್ಬು ಸಾಗಿಸುವ ಲಾರಿಗೆ ಆ ವೇಗದಿಂದ ಆಗಬೇಕಾದುದೇನೂ ಇಲ್ಲ.

ರಾಮದುರ್ಗದ ಚಾಲಕರು

ಎಲ್ಲರೂ ಹತ್ತುವುದನ್ನೇ ಹೇಳುತ್ತಿದ್ದೀರಿ. ಅಣ್ಣಾವ್ರೇ, ಸಿಮೆಂಟ್ ತುಂಬಿಕೊಂಡು ಅನಮೋಡ ಇಳಿಯುವುದೂ ಇದೇ ಲಾರಿಯೇ. ಇಂಜಿನ್ ಬದಲಿಸಿದರೆ ಬ್ರೇಕ್ ಡ್ರಮ್ಮು ದೊಡ್ಡದಾಗುವುದಿಲ್ಲ. ಎಳೆತ ಹೆಚ್ಚಾಯಿತೆಂದು ಮಾಲೀಕರು ಎರಡು ಟನ್ ಹೆಚ್ಚು ಹೇರಿಸಿದರೆ ಆ ಭಾರವನ್ನು ಇಳಿಜಾರಿನಲ್ಲಿ ಹಿಡಿಯಬೇಕಾದವನು ಚಾಲಕ. ನಿಮ್ಮ ಲಾರಿಯಲ್ಲಿ ಎಕ್ಸಾಸ್ಟ್ ಬ್ರೇಕ್ (ಹೊಗೆಯ ದಾರಿ ಮುಚ್ಚಿ ಇಂಜಿನ್ನಿನಿಂದಲೇ ವೇಗ ತಗ್ಗಿಸುವ ಸಾಧನ) ಕೆಲಸ ಮಾಡುತ್ತಿದೆಯೇ ಎಂಬುದನ್ನು ಮೊದಲು ನೋಡಿಸಿರಿ. ಬಹಳ ಹಳೆಯ ಲಾರಿಗಳಲ್ಲಿ ಅದರ ಬಟರ್‌ಫ್ಲೈ ಮಸಿ ಹಿಡಿದು ಅಂಟಿಕೊಂಡಿರುತ್ತದೆ. ಅದು ಅರ್ಧ ಮುಚ್ಚಿದ ಸ್ಥಿತಿಯಲ್ಲಿ ಅಂಟಿದ್ದರೆ ಹೊಗೆ ಹೊರಗೆ ಹೋಗದೆ ಹತ್ತುವಾಗಲೂ ಎಳೆತ ಕಡಿಮೆಯಾಗುತ್ತದೆ.

ಜಮಖಂಡಿಯಲ್ಲಿ ವಾಹನಗಳ ಕಾಗದಪತ್ರದ ಕೆಲಸ ಮಾಡುವವರು

ಕಾನೂನಿನ ಮಾತನ್ನು ಸ್ಪಷ್ಟವಾಗಿ ಹೇಳುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೂ ಆರ್‌ಸಿಯಲ್ಲಿರುವ ವಿವರಗಳಿಗೂ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನಲ್ಲಿ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಮಾರ್ಪಾಡು ಒಂದಕ್ಕೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಕೆಟ್ಟುಹೋದ ಇಂಜಿನ್ನಿನ ಬದಲಿಗೆ ಅದೇ ಕಂಪನಿಯ, ಅದೇ ಮಾದರಿಯ ಇಂಜಿನ್ ಕೂಡಿಸುವುದು ಬೇರೆ ಮಾತು. ಅದಕ್ಕೂ ಆರ್‌ಟಿಓ ಒಪ್ಪಿಗೆ ಪಡೆದು, ಖರೀದಿಯ ಬಿಲ್ಲು ತೋರಿಸಿ, ಹೊಸ ಇಂಜಿನ್ ನಂಬರನ್ನು ಆರ್‌ಸಿಯಲ್ಲಿ ಬರೆಸಿಕೊಳ್ಳಬೇಕು. 697 ಇರುವ ಲಾರಿಗೆ 6ಬಿಟಿ ಇಳಿಸಿದರೆ ಅದು ಅದೇ ಮಾದರಿ ಎನಿಸುವುದಿಲ್ಲ. ಟರ್ಬೊ ಕೂಡಿಸಿದಾಗಲೂ ಆರ್‌ಸಿಯಲ್ಲಿರುವ ಅಶ್ವಶಕ್ತಿಗೂ ನಿಜಸ್ಥಿತಿಗೂ ತಾಳೆಯಾಗುವುದಿಲ್ಲ, ಹಾಗಾಗಿ ಕೆಲಸಕ್ಕೆ ಕೈಹಾಕುವ ಮೊದಲೇ ಕಚೇರಿಯಲ್ಲಿ ಲಿಖಿತವಾಗಿ ಕೇಳಿರಿ. ಎಂಟು ವರ್ಷ ಮೀರಿದ ಸರಕು ವಾಹನಕ್ಕೆ ವರ್ಷವರ್ಷವೂ ಎಫ್‌ಸಿ (ವಾಹನ ಓಡಲು ಯೋಗ್ಯವೆಂಬ ಪ್ರಮಾಣಪತ್ರ) ಆಗಬೇಕಾದ್ದರಿಂದ ಇದು ಒಮ್ಮೆ ತಪ್ಪಿಸಿಕೊಂಡು ಮುಗಿಯುವ ವಿಷಯವೂ ಅಲ್ಲ. ಅಪಘಾತವಾದ ದಿನ ವಿಮೆಯವರು ಮೊದಲು ತೆಗೆದು ನೋಡುವುದೇ ಇಂಜಿನ್ ನಂಬರು ಮತ್ತು ಚಾಸಿ ನಂಬರು.

ಪ್ರಶ್ನೆ ಕೇಳಿದ ಮುಧೋಳದವರು

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಹೇಳಿದಂತೆ ತಪಾಸಣೆ ಮಾಡಿಸಿದೆ. ನಾವು ಈ ಲಾರಿ ಕೊಳ್ಳುವ ಮೊದಲೇ ಪಂಪಿನಲ್ಲಿ ಡೀಸೆಲ್ ಹೆಚ್ಚಿಸಿಟ್ಟಿದ್ದು ಬೆಂಚಿನ ಮೇಲೆ ಗೊತ್ತಾಯಿತು. ಎರಡು ಸಿಲಿಂಡರುಗಳಲ್ಲಿ ಕಂಪ್ರೆಷನ್ ಕಡಿಮೆಯಿದೆ, ರೇಡಿಯೇಟರಿನ ಒಳಗೆ ಸುಣ್ಣ ಕಟ್ಟಿದೆ. ಕ್ರ್ಯಾಂಕ್ ಮಾತ್ರ ಇನ್ನೂ ಒಳ್ಳೆಯ ಅಳತೆಯಲ್ಲಿದೆ. ಹಿಂದೆ ಇರುವುದು 41/7. ಆದ್ದರಿಂದ ಟರ್ಬೊ, 6ಬಿಟಿ ಎರಡನ್ನೂ ಬಿಟ್ಟು, ಲೈನರ್-ಪಿಸ್ಟನ್ ಸಮೇತ ಫುಲ್ ಇಂಜಿನ್ ಕೆಲಸ ಮಾಡಿಸಿ, ಪಂಪನ್ನು ಕಂಪನಿಯ ಲೆಕ್ಕಕ್ಕೆ ತಂದು, ಕ್ರೌನ್ ಬದಲಿಸುವುದೆಂದು ತೀರ್ಮಾನಿಸಿದ್ದೇವೆ. ಕೆಲಸ ಮುಗಿದ ಮೇಲೆ ನೇರವಾಗಿ ಕಬ್ಬಿಗೆ ಹಚ್ಚಬಹುದೇ?

ಉದ್ಯಮಬಾಗದ ವರ್ಕ್‌ಶಾಪಿನವರು

ಪೂರ್ತಿ ಭಾರಕ್ಕೆ ಹಚ್ಚಬೇಡಿರಿ. ಮೊದಲ ಒಂದೂವರೆ ಎರಡು ಸಾವಿರ ಕಿಲೋಮೀಟರ್ ಅರ್ಧ ಭಾರದಲ್ಲಿ, ವೇಗವನ್ನು ಏರಿಳಿಸುತ್ತ ಓಡಿಸಿರಿ. ಹೊಸ ಇಂಜಿನ್ ಎಂದು ಕಾರ್ಖಾನೆಯ ಗೇಟಿನ ಸಾಲಿನಲ್ಲಿ ಗಂಟೆಗಟ್ಟಲೆ ಐಡ್ಲಿಂಗ್‌ನಲ್ಲಿ ಬಿಡುವುದು ಭಾರ ಹೇರುವುದಕ್ಕಿಂತ ಕೆಟ್ಟದ್ದು, ಏಕೆಂದರೆ ಪಿಸ್ಟನ್ನಿನ ರಿಂಗುಗಳು ಲೈನರಿಗೆ (ಸಿಲಿಂಡರಿನ ಒಳಗೋಡೆಗೆ) ಕೂಡದೆ ಗೋಡೆ ನುಣುಪಾಗಿ ಆಯಿಲ್ ತಿನ್ನಲು ಶುರುಮಾಡುತ್ತದೆ. ಆ ಅವಧಿ ಮುಗಿದ ಕೂಡಲೇ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಹೆಡ್ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಮತ್ತೊಮ್ಮೆ ನೋಡಿಸಿ, ಟ್ಯಾಪೆಟ್ (ವಾಲ್ವಿನ ಅಂತರ) ಹೊಂದಿಸಿಕೊಳ್ಳಿರಿ. ಕಾರ್ಖಾನೆಗಳು ನುರಿಸಲು ಶುರುಮಾಡುವ ಒಂದು ತಿಂಗಳು ಮೊದಲೇ ಇಂಜಿನ್ ಬಿಚ್ಚಿಸಿದರೆ ಇದಕ್ಕೆಲ್ಲ ಸಮಯ ಸಿಗುತ್ತದೆ.