ಅಪ್‌ಡೇಟ್: ಗುಲಾಬಿ ಎಸಳಿನ ಕಂದು ಚುಕ್ಕೆ ನಿಂತಿತು

ಬೆಳಗಾವಿಯ ಈ ಜಿಟಿಜಿಟಿ ಮಳೆಯಲ್ಲಿ, ಕೊಯ್ದಿಟ್ಟ ಗುಲಾಬಿಯ ಎಸಳಿಗೆ ಕಂದು ಚುಕ್ಕೆ ಬಿದ್ದು ಆಮೇಲೆ ಬೂದು ಬಣ್ಣದ ಬೂಷ್ಟು ಹಿಡಿಯುತ್ತಿದೆ, ಏನು ಮಾಡಲಿ ಅಂತ ಇಲ್ಲಿ ಕೇಳಿದ್ದೆ. ಈಗ ನಿಂತಿದೆ!

ಕೈಹಿಡಿದದ್ದು "ಎಸಳು ಒದ್ದೆಯಾಗಲೇಬಾರದು" ಎಂದವರ ಸಲಹೆ. ನೀರು ಚಿಮುಕಿಸುವುದನ್ನು ಪೂರ್ತಿ ನಿಲ್ಲಿಸಿದೆವು. ಇಬ್ಬನಿ ಆರಿದ ಮೇಲೇ ಕೊಯ್ಲು. ಪ್ಲಾಸ್ಟಿಕ್ ಸುತ್ತುವುದನ್ನೂ ಬಿಟ್ಟೆವು. ಅದರ ಒಳಗೆ ಬೆವರಿದಂತೆ ಕೂರುವ ಸಣ್ಣ ಹನಿಗಳೇ ಈ ಬೂಷ್ಟಿಗೆ ಕಾರಣವಾದ ಬೊಟ್ರೈಟಿಸ್ ಶಿಲೀಂಧ್ರ ಮೊಳೆಯಲು ಸಾಕು. ಒಂದೇ ಎಸಳಿಗೆ ಚುಕ್ಕೆ ಕಂಡರೂ ಆ ಹೂವನ್ನು ಕಟ್ಟಿನಿಂದ ತೆಗೆದುಬಿಡುತ್ತೇವೆ.

ಬರೀ ಸಕ್ಕರೆ ನೀರು ಉಪಯೋಗಕ್ಕೆ ಬರಲಿಲ್ಲ, ಬಕೆಟ್‌ನಲ್ಲಿ ಲೋಳೆ ಜಾಸ್ತಿಯಾಯಿತು ಅಷ್ಟೇ. ದಿನಾ ನೀರು ಬದಲಿಸಿ ದಂಟಿನ ತುದಿ ಓರೆಯಾಗಿ ಕತ್ತರಿಸಿದರೆ ಹೂ ಚೆನ್ನಾಗಿ ಬಾಳುತ್ತದೆ.

ನನಗೆ ಆಶ್ಚರ್ಯವಾದದ್ದು, ಈ ಬೂಷ್ಟು 2 ಡಿಗ್ರಿ ತಂಪಿನಲ್ಲೂ ನಿಧಾನವಾಗಿ ಬೆಳೆಯುತ್ತದೆ. ಸುಮ್ನೆ ಫ್ರಿಜ್‌ನಲ್ಲಿಟ್ಟರೆ ಸಾಲದು. ಸಲಹೆ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.